ಅಕ್ಷರದ ಅಗಲ

ರಾಯಚೂರು, ದೇವದುರ್ಗ, ಮಾನ್ವಿ ಎಂಬ ಮೂರು ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆದು ನೋಡಿದರೆ ಕನ್ನಡ ಲಿಪಿಯ ಸ್ವಭಾವವು ಬಹುಮಟ್ಟಿಗೆ ತಿಳಿದುಬರುತ್ತದೆ. ಮಾನ್ವಿಯ ವಕಾರವು ಒತ್ತಕ್ಷರವಾಗಿ ಕೆಳಗಿಳಿದು ಸಾಲಿನ ಎತ್ತರವನ್ನು ಬೇಡುತ್ತದೆ. ಅಗಲವನ್ನು ಅಷ್ಟಾಗಿ ಬೇಡದು. ದೇವದುರ್ಗದಲ್ಲಾದರೋ ಏಕಾರದ ದೀರ್ಘವೂ ಉಕಾರದ ಕೊಂಬೂ ಕಡೆಯ ಅರ್ಕಾವೊತ್ತೂ ಬಲಕ್ಕೆ ಸರಿಯುತ್ತವೆ. ರಾಯಚೂರಿನಲ್ಲಿ ಯಕಾರವೊಂದನ್ನುಳಿದು ಮಿಕ್ಕವೆಲ್ಲವೂ ಬಾಲವನ್ನು ಚಾಚಿದವುಗಳೇ. ಆ ಯಕಾರವೂ ಸ್ವತಃ ವಿಶಾಲವಾದುದು. ದೀರ್ಘಸ್ವರವು ಛಂದಸ್ಸಿನಲ್ಲಿ ಎರಡು ಮಾತ್ರೆಗಳ ಕಾಲವನ್ನು ಪಡೆಯುವಂತೆ ಪುಟದಲ್ಲಿ ಹೆಚ್ಚಿನ ಸ್ಥಳವನ್ನು ಪಡೆಯುವುದು ನ್ಯಾಯವೇ ಸರಿ.

ಅಂಗೈಯಗಲದ ಮೊಬೈಲಿನ ಪರದೆಯ ಮೇಲೆ ಈ ಮೂರನ್ನೂ ಕೋಷ್ಟಕದ ತಲೆಬರಹಗಳಾಗಿ ಅಕ್ಕಪಕ್ಕದಲ್ಲಿ ಇಡಬೇಕಾದಾಗ ತೊಡಕು ಹುಟ್ಟುತ್ತದೆ. ಹಿಂದಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಸೀಸದ ಮೊಳೆಯನ್ನು ಹಿಸುಕಲಾರದೆ ಪದಗಳ ನಡುವಣ ತೆರಪನ್ನು ಕಿರಿದುಮಾಡುತ್ತಿದ್ದನು, ಇಲ್ಲವೆ ಸಣ್ಣ ಮೊಳೆಯನ್ನು ಆರಿಸಿಕೊಳ್ಳುತ್ತಿದ್ದನು. ಗಣಕಯಂತ್ರಕ್ಕೆ ಆ ನಿರ್ಬಂಧವಿಲ್ಲ. ಅಕ್ಷರವನ್ನು ಚಿತ್ರದಂತೆ ಅಡ್ಡಲಾಗಿ ಅಮುಕಿಬಿಡಬಲ್ಲದು. ಹಾಗೆ ಅಮುಕಿದಾಗ ನಿಂತ ಗೆರೆಗಳು ಕೃಶವಾಗಿ ಅಡ್ಡಗೆರೆಗಳು ಮೊದಲಿನ ದಪ್ಪದಲ್ಲಿಯೇ ಉಳಿಯುತ್ತವೆ. ದುಂಡನೆಯ ಒಡಲುಗಳು ಮುಚ್ಚಿಕೊಳ್ಳುತ್ತವೆ. ದಕಾರದಿಂದ ಧಕಾರವನ್ನು ಬೇರ್ಪಡಿಸುವ ಹೊಟ್ಟೆಯ ಸೀಳು ಮಸುಕಾಗುತ್ತದೆ. ಧನವು ದನವಾಗುವುದು ಪಾಠಶಾಲೆಯಲ್ಲಿ ನಗೆಯ ವಿಷಯ. ಕಣ್ಣು ಮಂಜಾದ ರೈತನೊಬ್ಬನು ಮೊಮ್ಮಗನ ಫೋನಿನಲ್ಲಿ ಬೆಳೆಪರಿಹಾರದ ಪಟ್ಟಿಯನ್ನು ಓದುವಾಗ ಅದು ನಗೆಯ ವಿಷಯವಲ್ಲ.

ಜಾಲಪುಟಗಳ ಶೈಲಿಸೂತ್ರವಾದ ಸಿ.ಎಸ್.ಎಸ್.ನ ಎರಡನೆಯ ಆವೃತ್ತಿಯಲ್ಲಿಯೇ, ಎಂದರೆ 1998ರಲ್ಲಿಯೇ, ‘ಫಾಂಟ್-ಸ್ಟ್ರೆಚ್’ ಎಂಬ ಗುಣವನ್ನು ಹೇಳಿದೆ. ಈಚೆಗೆ ಅದಕ್ಕೆ ‘ಫಾಂಟ್-ವಿಡ್ತ್’ ಎಂಬ ಹೆಸರಾಗಿದೆ. ಮೊದಲಿನ ಹೆಸರು ತಪ್ಪುದಾರಿಗೆ ಎಳೆಯತಕ್ಕದ್ದು, ಏಕೆಂದರೆ ಅದು ಯಾವ ಅಕ್ಷರವನ್ನೂ ಹಿಗ್ಗಿಸದು, ಕುಗ್ಗಿಸದು. ಶೇಕಡಾ 100 ಸಹಜವಾದ ಅಗಲ. 75 ಎಂದು ಕೇಳಿದರೆ, ಅಕ್ಷರಶಿಲ್ಪಿಯು ಆ ಅಗಲಕ್ಕೆಂದೇ ತಿದ್ದಿದ ರೂಪವುಂಟೇ ಎಂದು ಹುಡುಕಿ, ಇದ್ದರೆ ಅದನ್ನು ತರುತ್ತದೆ. ಫಾಂಟಿನಲ್ಲಿ ಒಂದೇ ಅಗಲವಿದ್ದರೆ ಇದ್ದುದನ್ನೇ ಇಟ್ಟು ಸುಮ್ಮನಾಗುತ್ತದೆ. ಯಂತ್ರದಲ್ಲಿ ಈ ವಿನಯವು ಶ್ಲಾಘ್ಯವಾದುದು. 2016ರಲ್ಲಿ ಬಂದ ವೇರಿಯಬಲ್ ಫಾಂಟಿನ ತಂತ್ರದಿಂದ ಅಗಲದ ನಾನಾ ಮೆಟ್ಟಿಲುಗಳು ಒಂದೇ ಕಡತದಲ್ಲಿ ಅಡಗುವಂತಾದುವು. 2022ರ ‘ಅನೇಕ್ ಕನ್ನಡ’ದಲ್ಲಿ 75ರಿಂದ 125ರವರೆಗೆ ಬೇಕಾದ ಅಗಲ ದೊರೆಯುತ್ತದೆ, ಅಗಲ ಕಿರಿದಾದರೂ ಗೆರೆಯ ದಪ್ಪವೂ ಒಡಲಿನ ಬೆಳಕೂ ಹದಗೆಡವು.

ಇಷ್ಟಾದರೂ ದೇವದುರ್ಗಕ್ಕೆ 75ನ್ನೂ ಮಾನ್ವಿಗೆ 100ನ್ನೂ ಕೊಡುವುದು ಸರಿಯಲ್ಲ. ನೆರೆಯ ಊರುಗಳಲ್ಲಿ ಒಂದು ಮಾತ್ರ ಬಡಕಲಾಗಿ ತೋರುವುದು. ಮೂರಕ್ಕೂ 85ನ್ನೇ ಕೊಟ್ಟು ನೋಡಿ, ಆಗಲೂ ಹಿಡಿಯದಿದ್ದರೆ ಅಂಕಣಗಳನ್ನು ಒಂದರ ಕೆಳಗೊಂದು ಇಳಿಸುವುದೇ ಲೇಸು.