ಬಿಕಾಂ ಹುಡುಗನ ಕೋಡ್ ಕಿರ್ದಿ, ಭಾಗ 4: ತಕ್ಷಣ ಬರೀಬೇಕು

"ನೀನು ಬಿಕಾಂ, ನಿಂಗ್ಯಾಕೋ ಗಿಟ್ಟು?" ಅಂತ ಲಾಸ್ಟ್ ಬೆಂಚ್ ಪೂರ್ತಿ ಕೇಳ್ತಾ ಇದೆ. ಇವತ್ತು ಉತ್ತರ. ಸ್ವಲ್ಪ ಉದ್ದ ಇದೆ, ಓದ್ರೋ.

ಅಪ್ಪಂದು ಕಿರಾಣಿ ಅಂಗಡಿ. ಲೆಕ್ಕ ಇನ್ನೂ ಪುಸ್ತಕದಲ್ಲೇ. ಅದನ್ನ ಗ್ನೂಕ್ಯಾಶ್‌ಗೆ ತರಬೇಕು ಅಂತ ನನ್ನಾಸೆ. 1998ರಲ್ಲಿ ಮೊದಲ ಆವೃತ್ತಿ ಬಂದ ಉಚಿತ ಅಕೌಂಟಿಂಗ್ ಸಾಫ್ಟ್‌ವೇರ್ ಅದು. ನಾವು ಕ್ಲಾಸಲ್ಲಿ ಓದೋ ಡಬಲ್ ಎಂಟ್ರಿನೇ ಅದರ ಬೆನ್ನೆಲುಬು. ಆದ್ರೆ ಅಪ್ಪಂಗೆ ಇಂಗ್ಲಿಷ್ ಬರಲ್ಲ. ಕನ್ನಡ ಅನುವಾದದ ಫೈಲ್ ಸೋರ್ಸ್ ಕೋಡ್ ಒಳಗೇ ಇದೆ. ಯಾರು ಬೇಕಾದ್ರೂ ಸಾಲು ಸೇರಿಸಿ ಕಳಿಸಬಹುದು. ಸರಿ, ಕೂತೆ.

ಮೊದಲು ಗಿಟ್ ಹಾಕ್ಕೊಂಡು ಹೆಸರು, ಇಮೇಲ್ ಕೊಟ್ಟೆ. ರೆಪೊ ಫೋರ್ಕ್ ಮಾಡಿ ಕ್ಲೋನ್ ಮಾಡಿದೆ. ಇಲ್ಲಿವರೆಗೂ ಸಲೀಸು. ಆಮೇಲೆ ಬಿಲ್ಡ್. ಸಿಮೇಕ್ ಓಡಿಸಿದ್ರೆ ಮದುವೆ ಮನೆ ಸಾಮಾನು ಪಟ್ಟಿ: ಬೂಸ್ಟ್ ಬೇಕು, ಗೈಲ್ ಬೇಕು, ಗೂಗಲ್‌ಟೆಸ್ಟ್ ಬೇಕು. ಒಂದು ತಂದ್ರೆ ಇನ್ನೊಂದು ಕೇಳುತ್ತೆ. ಉಬುಂಟುನಲ್ಲಿ ಲೈಬ್ರರಿ ಹೆಸರಿನ ಕೊನೆಗೆ 'ಡೆವ್' ಅಂತ ಇರೋ ಪ್ಯಾಕೇಜೇ ಹಾಕ್ಬೇಕು, ಅದು ಗೊತ್ತಾಗೋಕೆ ನಂಗೆ ಒಂದಿಡೀ ಸಂಜೆ ಹೋಯ್ತು.

ನಂದು 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. ನಿಂಜಾ ಒಟ್ಟಿಗೇ ನಾಲ್ಕೈದು ಫೈಲ್ ಕಂಪೈಲ್ ಮಾಡೋಕೆ ಹೋಗಿ ಮೆಮೊರಿ ಸಾಲದೆ ಅರ್ಧಕ್ಕೇ ಸತ್ತೋಯ್ತು. 'ಜೆ 1' ಅಂತ ಕೊಟ್ಟು ಒಂದೊಂದೇ ಮಾಡಿಸಿದೆ. ಮಲಗಿ ಎದ್ದಾಗ ಮುಗಿದಿತ್ತು! ಒಂದ್ಸಲ ಆದ್ಮೇಲೆ ಬದಲಾದ ಫೈಲ್ ಮಾತ್ರ ಮತ್ತೆ ಬಿಲ್ಡ್ ಆಗುತ್ತೆ, ಹೆದರ್ಬೇಡಿ.

ಈಗ ನನ್ನ ದಡ್ಡತನ. ನಾಲ್ಕು ರಾತ್ರಿ ಕೂತು ನೂರಕ್ಕೂ ಹೆಚ್ಚು ಸಾಲು ಕನ್ನಡ ಬರೆದಿದ್ದೆ. ಒಂದೂ ಕಮಿಟ್ ಮಾಡಿರಲಿಲ್ಲ. 'ಎಲ್ಲಾ ಮುಗೀಲಿ, ಚೆಂದಾಗಿ ಒಂದೇ ಸಲ ಮಾಡೋಣ' ಅಂತ. ಐದನೇ ದಿನ ಏನೋ ಎರರ್ ಬಂತು, ಎಲ್ಲೋ ನೋಡಿದ 'ಗಿಟ್ ರೀಸೆಟ್ ಹಾರ್ಡ್' ಅರ್ಥ ಮಾಡ್ಕೊಳ್ಳದೇ ಹೊಡೆದೆ.

ಎಲ್ಲಾ ಹೋಯ್ತು. ಕಮಿಟ್ ಮಾಡಿದ್ರೆ ರೆಫ್‌ಲಾಗ್‌ನಲ್ಲಿ ಹುಡುಕಿ ತರಬಹುದಿತ್ತು. ಮಾಡದೇ ಇರೋದನ್ನ ಗಿಟ್ ಎಲ್ಲಿಂದ ತರುತ್ತೆ?

ಅಪ್ಪಂಗೆ ಫೋನ್ ಮಾಡಿ ಹೇಳ್ಕೊಂಡೆ. ಗಿಟ್ ಅಂದ್ರೆ ಏನು ಅಂತಾನೂ ಕೇಳಲಿಲ್ಲ. "ಉದ್ರಿ ಕೊಟ್ಟ ತಕ್ಷಣ ಬರೀಬೇಕು ಕಣೋ. ಸಂಜೆ ಎಲ್ಲಾ ಸೇರಿಸಿ ಬರೀತೀನಿ ಅಂದೋನ ಅಂಗಡಿ ಉಳಿಯಲ್ಲ" ಅಂದ್ರು.

ಕಮಿಟ್ ಅಂದ್ರೆ ಇಷ್ಟೇ ಅಲ್ವಾ! ದಿನಾಂಕ, ಹೆಸರು, ಯಾಕೆ ಅನ್ನೋ ಒಂದು ಸಾಲಿನ ನರೇಶನ್. ತಪ್ಪಾಯ್ತಾ? ಹಾಳೆ ಹರಿಯೋದಲ್ಲ, 'ಗಿಟ್ ರಿವರ್ಟ್' ಅಂತ ಉಲ್ಟಾ ಎಂಟ್ರಿ ಹಾಕೋದು. ಹಳೇದೂ ಕಾಣ್ತಿರುತ್ತೆ, ಸರಿ ಮಾಡಿದ್ದೂ ಕಾಣ್ತಿರುತ್ತೆ. ಬ್ರಾಂಚ್ ಅಂದ್ರೆ ರಫ್ ಬುಕ್. ಇದನ್ನ ನಮಗಿಂತ ಚೆನ್ನಾಗಿ ಯಾರಿಗೆ ಅರ್ಥ ಆಗ್ಬೇಕು?

ಮತ್ತೆ ಶುರು ಮಾಡಿದೀನಿ. ಹತ್ತು ಸಾಲಿಗೊಂದು ಕಮಿಟ್. ನಲವತ್ತು ಸಾಲಾಗಿದೆ. ನಿನ್ನೆ ಬಿಲ್ಡ್ ಮಾಡಿ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಪ್ಪ ಕನ್ನಡಕ ಹಾಕ್ಕೊಂಡು ಒಂದೊಂದೇ ಪದ ಓದಿ, "ಇದು ನಂಗೂ ಬರುತ್ತಲ್ಲೋ" ಅಂದ್ರು.

ಭಾಗ 5ರಲ್ಲಿ: ಕಳಿಸೋದು ಹೇಗೆ. ಅಷ್ಟರಲ್ಲಿ ನಿಮ್ಮದೇನಾದ್ರೂ ಕಮಿಟ್ ಆಗದೇ ಬಿದ್ದಿದ್ರೆ, ಈಗ್ಲೇ ಎದ್ದು ಮಾಡಿ.

#ಬಿಕಾಂಕೋಡ್‌ಕಿರ್ದಿ #ಗ್ನೂಕ್ಯಾಶ್ #ಕನ್ನಡದಲ್ಲಿಗಿಟ್