ಪೃಷ್ಠವಂಶ

ಸಂಸ್ಕೃತದಲ್ಲಿ ಬೆನ್ನೆಲುಬಿಗೆ ಪೃಷ್ಠವಂಶವೆಂದು ಹೆಸರು. ವಂಶವೆಂದರೆ ಬಿದಿರು, ವಂಶವೆಂದರೆ ಕುಲವೂ ಅಹುದು. ಗೆಣ್ಣಿನ ಮೇಲೆ ಗೆಣ್ಣು ಏರಿದ ಬಿದಿರಿನಂತೆ ಕಶೇರುಮಣಿಗಳು ದೇಹವನ್ನು ಎತ್ತಿ ನಿಲ್ಲಿಸುವುವು. ಗರ್ಭಸ್ಥ ಶಿಶುವಿನ ಬೆನ್ನಿನ ಮಾತು ಬಂದಾಗ ಈ ಎರಡು ಅರ್ಥಗಳೂ ತಾಯಿತಂದೆಗಳ ಎದೆಯಲ್ಲಿ ಒಂದಾಗಿಬಿಡುವುವು.

ಈ ಬಿದಿರನ್ನು ಜನನಕ್ಕೆ ಮೊದಲೇ ನೋಡುವ ವಿದ್ಯೆಯ ಮೂಲವು ಕಾರ್ಖಾನೆಯಲ್ಲಿದೆ. ಲೋಹದೊಳಗಿನ ಬಿರುಕನ್ನು ಶಬ್ದದಿಂದ ಅರಿಯುವ ಯಂತ್ರವನ್ನು ಗ್ಲಾಸ್ಗೋ ನಗರದ ಪ್ರಸೂತಿವೈದ್ಯರಾದ ಇಯಾನ್ ಡೊನಾಲ್ಡರು ಮನುಷ್ಯದೇಹಕ್ಕೆ ಅನ್ವಯಿಸಿ, ಜಾನ್ ಮ್ಯಾಕ್‌ವಿಕಾರ್ ಮತ್ತು ಟಾಮ್ ಬ್ರೌನರೊಡನೆ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ನಮ್ಮ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ಶಬ್ದವನ್ನು ಕೇಳಲಾರದು. ಈ ಯಂತ್ರದ ಕಂಪನಗಳು ದಶಲಕ್ಷಗಳ ಲೆಕ್ಕದವು. ಕಿವಿಗೆ ನಿಲುಕದ ಆ ಶಬ್ದವು ಎಲುಬಿಗೆ ತಾಗಿ, ಮರುದನಿಯಾಗಿ ಹಿಂದಿರುಗಿ, ತೆರೆಯ ಮೇಲೆ ಬಿಳಿಯ ಚುಕ್ಕೆಗಳಾಗಿ ಮೂಡುವುದು.

ಅಡ್ಡಲಾಗಿ ನೋಡಿದಾಗ ಒಂದೊಂದು ಮಣಿಗೂ ಮೂರು ಚುಕ್ಕೆಗಳು: ಮುಂದೆ ಒಂದು, ಹಿಂದೆ ಎರಡು. ಹಿಂದಿನವೆರಡೂ ದೂರ ಸರಿದಿದ್ದರೆ ಬೆನ್ನು ಮುಚ್ಚಿಕೊಳ್ಳದೆ ಉಳಿದಿರಬಹುದೆಂಬ ಶಂಕೆ ಹುಟ್ಟುವುದು. ಆಗ ತಲೆಯನ್ನೂ ನೋಡಬೇಕು. ತಲೆಬುರುಡೆಯು ನಿಂಬೆಹಣ್ಣಿನ ಆಕಾರವನ್ನೂ ಕಿರುಮೆದುಳು ಬಾಳೆಹಣ್ಣಿನ ಆಕಾರವನ್ನೂ ತಳೆಯುವುದೆಂದು ನಿಕೊಲೈಡ್ಸ್ ಮತ್ತು ಅವರ ಸಹೋದ್ಯೋಗಿಗಳು 1986ರಲ್ಲಿ ತೋರಿಸಿಕೊಟ್ಟರು.

ಬೆನ್ನಿನ ಇನ್ನೊಂದು ದೋಷವು ಅರ್ಧಕಶೇರು. ಮಣಿಯ ಒಂದು ಪಾರ್ಶ್ವವು ಮಾತ್ರ ಬೆಳೆದು, ಬೆಣೆಯಂತೆ ನಡುವೆ ಸೇರಿಕೊಳ್ಳುವುದು; ಬೆನ್ನು ಅಲ್ಲಿ ಬಾಗುವುದು. ಚಿತ್ರವೊಂದೇ ಆದರೂ ಫಲವು ಒಂದೇ ಅಲ್ಲ. ಹೃದಯ, ಮೂತ್ರಪಿಂಡ ಮೊದಲಾದ ಅಂಗಗಳೂ ಕೆಟ್ಟಿದ್ದರೆ ಸ್ಥಿತಿಯು ಗಂಭೀರ. ದೋಷವು ಆ ಒಂದು ಮಣಿಯಲ್ಲಿಯೇ ನಿಂತಿದ್ದರೆ ಮಗುವು ಬಹುಮಟ್ಟಿಗೆ ಎಲ್ಲರಂತೆಯೇ ನಡೆದಾಡಿ ಬೆಳೆಯುವುದು. ಬಾಗು ಹೆಚ್ಚಿದಲ್ಲಿ ಶಸ್ತ್ರಚಿಕಿತ್ಸೆಯುಂಟು. ಆದುದರಿಂದ ಬೆನ್ನಿನಲ್ಲಿ ದೋಷವನ್ನು ಕಂಡವನು ಬೆನ್ನಿನಲ್ಲಿಯೇ ನಿಲ್ಲಬಾರದು; ಶಿಶುವನ್ನು ಅಡಿಯಿಂದ ಮುಡಿಯವರೆಗೆ ನೋಡಬೇಕು.

ಇಷ್ಟನ್ನೂ ನೋಡುವ ಹೊತ್ತು ಕತ್ತಲಕೋಣೆಯಲ್ಲಿ ಮಲಗಿದ ತಾಯಿಗೆ ಸಣ್ಣದಲ್ಲ. ಚುಕ್ಕೆಗಳನ್ನು ಓದಲು ಅವಳು ಅರಿಯಳು. ಓದುವವರ ಮುಖವನ್ನು ಓದುತ್ತಾಳೆ. ಆ ಮೌನದ ಕೊನೆಗೆ ‘ದೋಷವಿದೆ’ ಎಂಬ ಒಂದೇ ಮಾತು ಬಿದ್ದರೆ ಅದು ಅಸತ್ಯವಲ್ಲ, ಅರ್ಧಸತ್ಯ. ‘ಏನೂ ಇಲ್ಲ, ಹೆದರಬೇಡಿ’ ಎಂಬ ಸಮಾಧಾನವೂ ಅಂತಹುದೇ. ಕಂಡದ್ದೇನು, ಕಾಣದೆ ಉಳಿದದ್ದೇನು, ಮುಂದೆ ಆಗಬಹುದಾದದ್ದೇನು, ಈ ಮೂರನ್ನೂ ಬೇರೆಬೇರೆಯಾಗಿ ತಿಳಿಯಹೇಳಿದಲ್ಲಿ ಮಾತ್ರ ನಿರ್ಧಾರವು ತಾಯಿತಂದೆಗಳದಾಗುವುದು. ಇಲ್ಲವಾದರೆ ಅದು ಭಯದ್ದಾಗುವುದು.