ಅಬ್ಬನ ಜಿಪ್ಸಿ, ಉಮ್ಮನ ವಿಜಯಪುರ

ಉಜಿರೆಯ ಹತ್ತಿರದ ನಮ್ಮ ಮನೆಯ ಮುಂದೆ, ಹಲಸಿನ ಮರದಡಿಯಲ್ಲಿ ಒಂದು ಹಳೆಯ ಜಿಪ್ಸಿ ಇದೆ. 1999ರ ಮಾಡೆಲ್. ಅಬ್ಬ ಅದನ್ನು 2004ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ತೋಟದಿಂದ ಅಡಿಕೆ, ಪೇಟೆಯಿಂದ ಗೊಬ್ಬರ, ಮದುವೆ ಮನೆಗೆ ತಾಮ್ರದ ಚೆಂಬುಗಳು, ಒಮ್ಮೆ ನೆರೆಮನೆಯ ಬಾಣಂತಿ, ಹೀಗೆ ಅದು ಹೊರದ ವಸ್ತುವಿಲ್ಲ. ಅಬ್ಬ ತೀರಿಕೊಂಡ ಮೇಲೆ ನಾವು ಮೂವರು ಮಕ್ಕಳೂ ಅದನ್ನು ಮಾರುವ ಮಾತೆತ್ತಲಿಲ್ಲ. ಹಾಗೆಂದು ಸರಿಯಾಗಿ ನೋಡಿಕೊಂಡೆವು ಎಂದೂ ಹೇಳಲಾರೆವು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಪೇಟೆಯವರೆಗೆ ಹೋಗಿ ಬರುವುದು, ಅಷ್ಟೇ.

ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ಉಮ್ಮ ಒಂದು ಆಸೆ ಹೇಳಿದರು. ವಿಜಯಪುರದಲ್ಲಿರುವ ತಂಗಿಯನ್ನು ನೋಡಬೇಕು. ಅವರಿಗೆ ಎಪ್ಪತ್ತೆರಡು, ತಂಗಿಗೆ ಎಪ್ಪತ್ತು ಸಮೀಪಿಸಿದೆ, ಕಣ್ಣೂ ಮಂಜಾಗಿದೆ. ಬಸ್ಸು ಬೇಡ, ಮೊಣಕಾಲು ಮಡಚಿ ರಾತ್ರಿಯಿಡೀ ಕೂರಲಾಗದು, ಬೇಕೆಂದಾಗ ಇಳಿಯಲೂ ಆಗದು. ಬಾಡಿಗೆ ಕಾರು ಮಾಡೋಣ ಎಂದೆವು. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲೇ ಕರೆದುಕೊಂಡು ಹೋಗುತ್ತೇನೆಂದು ನಿಮ್ಮ ಅಬ್ಬ ಹೇಳಿದ್ದರು" ಎಂದರು. ಆ ಮಾತಿಗೆ ನಮ್ಮ ಬಳಿ ಉತ್ತರ ಇರಲಿಲ್ಲ.

ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಮೊದಲು ಚಾರ್ಮಾಡಿ ಘಾಟಿ, ಆಮೇಲೆ ಮೂಡಿಗೆರೆ, ಚಿಕ್ಕಮಗಳೂರು, ಚಿತ್ರದುರ್ಗ. ಅಲ್ಲಿಂದ ಹೊಸಪೇಟೆಯ ಮೇಲೆ ನೇರ ಹೆದ್ದಾರಿ. ವಿಷಯ ತಿಳಿದವರೆಲ್ಲ ಸಲಹೆ ಕೊಟ್ಟರು. ಎಂಜಿನ್ ಚೆನ್ನಾಗಿದೆಯಲ್ಲ, ಇನ್ನೇನು ಎಂದರು ಒಬ್ಬರು. ಘಾಟಿಯಲ್ಲಿ ನಾಲ್ಕೂ ಚಕ್ರಕ್ಕೆ ಹಾಕಿಕೊಳ್ಳಿ, ಹಿಡಿತ ಸಿಗುತ್ತದೆ ಎಂದರು ಇನ್ನೊಬ್ಬರು. ಈ ಎರಡನೆಯ ಸಲಹೆ ಕೇಳಲು ಚೆನ್ನ, ಆದರೆ ತಪ್ಪು. ಜಿಪ್ಸಿಯಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕಾಗುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಒಣ ಡಾಂಬರಿನಲ್ಲಿ ಆ ಒತ್ತಡವೆಲ್ಲ ಒಳಗಿನ ಹಲ್ಲುಗಳ ಮೇಲೆಯೇ ಬೀಳುತ್ತದೆ.

ನಮ್ಮ ತಲೆಯಲ್ಲಿದ್ದದ್ದು ಗೇರ್‌ಬಾಕ್ಸ್. 1985ರಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, ನಾಲ್ಕೇ ಗೇರು. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1298 ಸಿಸಿ, ಐದು ಗೇರು. ನಮ್ಮದು ಈ ಎರಡನೆಯದು. ದೂರದ ದಾರಿಗೆ ಆ ಐದನೆಯ ಗೇರೇ ಮುಖ್ಯ, ಅದರಲ್ಲಿ ಅದೇ ವೇಗಕ್ಕೆ ಎಂಜಿನ್ ಸುಮಾರು ಐದನೇ ಒಂದು ಪಾಲು ಕಡಿಮೆ ತಿರುಗುತ್ತದೆ. ಸದ್ದೂ ಇಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿ, ಐದನೇ ಗೇರು ಸಲೀಸಾಗಿ ಬೀಳುತ್ತದೆ, ಹಾಗಾಗಿ ಗಾಡಿ ವಿಜಯಪುರಕ್ಕೆ ಹೋದೀತು ಎಂದು ನಾವೇ ತೀರ್ಮಾನಿಸಿದ್ದೆವು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕಾದ ನೋಂದಣಿ ನವೀಕರಣದ ಕಾಗದವೂ ಇತ್ತು. ಆ ಕಾಗದ ಮೂರನೇ ಗೇರಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಒಂದು ಭಾನುವಾರ, ಉಮ್ಮನಿಗೆ ಹೇಳದೆ, ಪರೀಕ್ಷೆಗೆಂದು ಚಾರ್ಮಾಡಿ ಹತ್ತಿದೆವು. ಹತ್ತುವಾಗ ಗಾಡಿ ಆಡು ಗುಡ್ಡ ಹತ್ತಿದ ಹಾಗೆ ಹತ್ತಿತು. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು, ಹೆಮ್ಮೆಪಟ್ಟುಕೊಂಡು ಹಿಂದಿರುಗಿದೆವು. ಇಳಿಜಾರಿನಲ್ಲಿ ಮೂರನೇ ಗೇರಿನಲ್ಲಿದ್ದೆವು, ಆಕ್ಸಿಲರೇಟರ್ ಮೇಲೆ ಕಾಲಿರಲಿಲ್ಲ. ಒಂದು ತಿರುವಿಗೆ ಮೊದಲು ಗೇರಿನ ಕೋಲು ತನ್ನಷ್ಟಕ್ಕೆ ಟಕ್ಕೆಂದು ನ್ಯೂಟ್ರಲಿಗೆ ಬಂದು ನಿಂತಿತು. ಗಾಡಿಯನ್ನು ಹಿಡಿದಿದ್ದ ಕೈಯನ್ನು ಯಾರೋ ಬಿಟ್ಟಂತಾಯಿತು. ಕೆಳಗೆ ಕಣಿವೆ, ಎದುರಿಗೆ ಲಾರಿ. ಬ್ರೇಕ್ ಒತ್ತಿ, ತಿರುವು ದಾಟಿ, ಗಾಡಿ ನಿಲ್ಲಿಸಿದೆವು. ಯಾರೂ ಮಾತಾಡಲಿಲ್ಲ. ಉಳಿದ ದಾರಿಯನ್ನು ಎರಡನೇ ಗೇರಿನಲ್ಲಿ, ಹಿಂದಿನವರ ಹಾರ್ನ್ ಕೇಳಿಸಿಕೊಳ್ಳುತ್ತಾ ಇಳಿದೆವು.

ಬೆಳ್ತಂಗಡಿಯ ನಮ್ಮ ಹಳೆಯ ಮೆಕ್ಯಾನಿಕ್ ಆಚಾರ್ರು ಗಾಡಿಯ ಕೆಳಗೆ ಹೋಗುವ ಮೊದಲು ಕಿವಿಯಿಂದಲೇ ಕೆಲಸ ಶುರು ಮಾಡಿದರು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ ಎಂದರು. ಸಣ್ಣಗೆ ಗುರ್ ಎನ್ನುವ ಸದ್ದು. ಕ್ಲಚ್ ಒತ್ತಿದರೆ ಸದ್ದು ನಿಂತಿತು. ಕ್ಲಚ್ ಒತ್ತಿದಾಗ ಸದ್ದು ಬಂದರೆ ಕ್ಲಚ್ಚಿನ ಬೇರಿಂಗ್, ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಎಂದರು. ಆಮೇಲೆ ರಸ್ತೆಯಲ್ಲಿ ಓಡಿಸಿ ನೋಡಿದರು. ಮೂರರಲ್ಲೂ ಐದರಲ್ಲೂ ಸದ್ದು ಇದೆ, ನಾಲ್ಕರಲ್ಲಿ ಇಲ್ಲ. ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ಶಕ್ತಿ ನೇರವಾಗಿ ಹೊರಗೆ ಹೋಗುತ್ತದೆ. ಉಳಿದ ಗೇರುಗಳಲ್ಲಿ ಅದು ಕೆಳಗಿನ ಕೌಂಟರ್ ಶಾಫ್ಟ್ ಮೂಲಕ ಸುತ್ತಿ ಬರಬೇಕು. ಸದ್ದು ಆ ಶಾಫ್ಟಿನ ಬೇರಿಂಗಿನದು. ನಾವು ನಂಬಿದ್ದ ಐದನೇ ಗೇರು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಭಾರ ಹಾಕುವುದು ಆ ಬೇರಿಂಗಿನ ಮೇಲೆಯೇ!

ಎಣ್ಣೆ ಇಳಿಸಿದಾಗ ಬಿಸಿಲಿಗೆ ಅದರಲ್ಲಿ ಚಿನ್ನದ ಹುಡಿಯಂತೆ ಏನೋ ಮಿನುಗಿತು. ಗೇರುಗಳು ಕಿರಿಚದೆ ಕೂಡಿಕೊಳ್ಳಲು ಇರುವ ಹಿತ್ತಾಳೆಯ ಸಿಂಕ್ರೋ ರಿಂಗುಗಳು ಸವೆದು ಬಂದ ಹುಡಿ. "ಎಣ್ಣೆ ಯಾವಾಗ ಬದಲಾಯಿಸಿದ್ದು?" ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಎಂಜಿನ್ ಆಯಿಲ್ ನೆನಪಿತ್ತು, ಗೇರ್ ಆಯಿಲ್ ಎಂಬುದೊಂದಿದೆ ಎಂಬುದೇ ಮರೆತಿತ್ತು.

"ಹತ್ತು ಕಿಲೋಮೀಟರಿಗಾದರೆ ಇನ್ನೂ ನಾಲ್ಕು ವರ್ಷ ಬಂದೀತು ಮಾರಾಯ್ರೆ. ಐನೂರಕ್ಕೆ ನಾನು ಮಾತು ಕೊಡುವುದಿಲ್ಲ. ಅಮ್ಮನವರನ್ನು ಕೂರಿಸಿಕೊಂಡು ಹೋಗುವುದಾದರೆ ಬಿಚ್ಚಲೇಬೇಕು."

ಬಿಚ್ಚಿದರು. ಮೂರು ಮತ್ತು ನಾಲ್ಕನೇ ಗೇರನ್ನು ತಳ್ಳುವ ಫೋರ್ಕಿನ ತುದಿ ಬ್ಲೇಡಿನಂತೆ ತೆಳ್ಳಗಾಗಿತ್ತು. ಅದು ಸವೆದರೆ ಗೇರು ಪೂರ್ತಿ ಒಳಗೆ ಕೂರುವುದಿಲ್ಲ, ಇಳಿಜಾರಿನ ಎಳೆತಕ್ಕೆ ಹೊರಗೆ ಜಾರುತ್ತದೆ. "ಓಡಿಸುವಾಗ ಲಿವರ್ ಮೇಲೆ ಕೈ ಇಟ್ಟುಕೊಳ್ಳುವ ಅಭ್ಯಾಸ ಯಾರಿಗೆ?" ಎಂದು ಆಚಾರ್ರು ಕೇಳಿದರು. ಕೈಯ ಭಾರ ಫೋರ್ಕಿನ ಮೇಲೆ ಬಿದ್ದು, ತಿರುಗುವ ಸ್ಲೀವ್‌ಗೆ ಅದು ಸದಾ ಉಜ್ಜುತ್ತಿರುತ್ತದಂತೆ. ನಮ್ಮ ಕಣ್ಣ ಮುಂದೆ ಬಂದದ್ದು ಅಬ್ಬನ ಎಡಗೈ. ಆ ಗೇರಿನ ಗುಂಡಿಯ ಮೇಲಿನ ಅಂಕಿಗಳೆಲ್ಲ ಅಳಿಸಿಹೋಗಿರುವುದು ಆ ಕೈಯಿಂದಲೇ.

ಖರ್ಚು ಇಪ್ಪತ್ತು ಸಾವಿರ ದಾಟುತ್ತದೆ ಎಂದರು. ಬಾಡಿಗೆ ಕಾರು ಇದಕ್ಕಿಂತ ಅಗ್ಗ ಎಂದು ನಮ್ಮಲ್ಲಿ ಕಿರಿಯವಳು ಹೇಳಿದಳು. ಆ ಲೆಕ್ಕ ಸರಿಯಾಗಿಯೇ ಇತ್ತು. ಜಿಪ್ಸಿ ಸಾರ್ವಜನಿಕ ಮಾರಾಟದಿಂದ ಹೋಗಿ ವರ್ಷಗಳಾದರೂ ಬಿಡಿಭಾಗಗಳು ಸಿಗುತ್ತವೆ, ಆದರೆ ಸಿಗುತ್ತವೆ ಎಂದ ಮಾತ್ರಕ್ಕೆ ಹಾಕಿಸಬೇಕೆಂದಿಲ್ಲ. ಎರಡು ದಿನ ಮನೆಯಲ್ಲಿ ಚರ್ಚೆ ನಡೆಯಿತು. ಉಮ್ಮನಿಗೆ ಮಾತ್ರ, ಸರ್ವಿಸಿಗೆ ಬಿಟ್ಟಿದ್ದೇವೆ ಎಂದಷ್ಟೇ ಹೇಳಿದ್ದೆವು.

ಮೂರನೆಯ ದಿನ ಅವರೇ ಕೇಳಿದರು, "ಮೂರನೇ ಗೇರು ಜಾರುತ್ತದೆ ಅಂತ ತಾನೆ?"

ನಮಗೆ ದಂಗುಬಡಿದಂತಾಯಿತು. "ನಿಮಗೆ ಹೇಗೆ ಗೊತ್ತು ಉಮ್ಮ?"

"ಘಾಟಿ ಇಳಿಯುವಾಗ ಅವರು ಅದನ್ನು ಹಿಡಿದುಕೊಂಡೇ ಇರುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, ಬಿಟ್ಟರೆ ಜಾರುತ್ತದೆ, ಮಕ್ಕಳಿಗೆ ಹೇಳಬೇಡ, ಮಾರಿಬಿಡುತ್ತಾರೆ ಅಂದಿದ್ದರು."

ಕೈಯಿಟ್ಟದ್ದರಿಂದ ಫೋರ್ಕ್ ಸವೆಯಿತೋ, ಫೋರ್ಕ್ ಸವೆದದ್ದರಿಂದ ಕೈಯಿಡಬೇಕಾಯಿತೋ? ಆಚಾರ್ರಿಗೆ ಹೇಳಿದಾಗ ಅವರು ನಕ್ಕು, "ಎರಡೂ ಇರಬಹುದು" ಎಂದರು. ಅಷ್ಟು ವರ್ಷ ಆ ಗಾಡಿಯಲ್ಲಿ ಅಬ್ಬ ನಮ್ಮನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿದಿದ್ದಾರೆ ಎಂದು ನೆನೆದರೆ ಕೋಪವೂ ಬರುತ್ತದೆ. ತೀರಿಕೊಂಡವರ ಮೇಲೆ ಕೋಪಿಸಿಕೊಳ್ಳುವುದು ಹೇಗೆಂದು ತಿಳಿಯದೆ ಸುಮ್ಮನಾದೆವು.

ಕೊನೆಗೆ ಹಣವನ್ನು ಮೂರು ಪಾಲು ಮಾಡಿದೆವು. ಹೊಸ ಫೋರ್ಕ್, ರಿಂಗುಗಳು, ಬೇರಿಂಗುಗಳು, ಕಂಪೆನಿ ಹೇಳಿದ ದರ್ಜೆಯದ್ದೇ ಎಣ್ಣೆ. ಗೇರ್ ಆಯಿಲ್ ಎಲ್ಲ ಒಂದೇ ಎಂದು ಸಿಕ್ಕಿದ್ದನ್ನು ಸುರಿಯಬಾರದು, ಕೆಲವು ಎಣ್ಣೆಗಳಲ್ಲಿನ ಗಂಧಕದ ಅಂಶ ಹಿತ್ತಾಳೆಗೆ ಒಳ್ಳೆಯದಲ್ಲ. ಆಮೇಲೆ ನಾಲ್ಕು ಸಲ ಬರಿಯ ಗಾಡಿಯಲ್ಲಿ ಚಾರ್ಮಾಡಿ ಹತ್ತಿ ಇಳಿದೆವು, ಪ್ರತಿ ಸಲವೂ ಮೂರನೇ ಗೇರಿನಲ್ಲಿ, ಕೈ ತೆಗೆದು. ಐದನೆಯ ಸಲ ಉಮ್ಮ ಜೊತೆಗಿದ್ದರು.

ಡಿಸೆಂಬರಿನಲ್ಲಿ ಹೊರಟೆವು. ನಿಜ ಹೇಳಬೇಕೆಂದರೆ ಜಿಪ್ಸಿ ದೂರ ಪ್ರಯಾಣದ ಗಾಡಿಯಲ್ಲ. ಲೀಫ್ ಸ್ಪ್ರಿಂಗು ಪ್ರತಿ ಹೊಂಡವನ್ನೂ ಸೊಂಟಕ್ಕೆ ವರದಿ ಮಾಡುತ್ತದೆ. ಟ್ಯಾಂಕಿಗೆ 40 ಲೀಟರ್, ನಮ್ಮದು ಲೀಟರಿಗೆ ಹತ್ತು ಕೊಟ್ಟರೆ ದೊಡ್ಡದು. ಆದರೆ ಐದನೇ ಗೇರಿನಲ್ಲಿ ಅರವತ್ತೈದು, ಎಪ್ಪತ್ತರೊಳಗೆ ಓಡಿಸಿ, ಗಂಟೆಗೊಮ್ಮೆ ನಿಲ್ಲಿಸಿ, ಚಿತ್ರದುರ್ಗದಲ್ಲಿ ರಾತ್ರಿ ತಂಗಿ ಹೋದರೆ ಗೇರ್‌ಬಾಕ್ಸ್ ಬೇಸರಪಡುವುದಿಲ್ಲ. ಉಮ್ಮನೂ ಬೇಸರಪಡಲಿಲ್ಲ. ವಿಜಯಪುರದಲ್ಲಿ ಅಕ್ಕತಂಗಿಯರು ಒಂದು ವಾರ ಏನು ಮಾತಾಡಿಕೊಂಡರೋ, ನಾವು ಕೇಳಿಸಿಕೊಳ್ಳಲು ಹೋಗಲಿಲ್ಲ.

ಹಿಂದಿರುಗುವಾಗ ಕೊಟ್ಟಿಗೆಹಾರ ದಾಟಿ ಇಳಿಯತೊಡಗಿದಾಗ ಸಂಜೆಯಾಗಿತ್ತು. ಗಾಡಿ ಮೂರನೇ ಗೇರಿನಲ್ಲಿ ಗುನುಗುತ್ತಾ ಇಳಿಯುತ್ತಿತ್ತು. ಆ ತಿರುವು ಬಂದಾಗ, ಓಡಿಸುತ್ತಿದ್ದ ಅಣ್ಣನ ಎಡಗೈ ತಾನಾಗಿಯೇ ಗೇರಿನ ಕೋಲಿನ ಮೇಲೆ ಹೋಯಿತು. ಪಕ್ಕದಲ್ಲಿದ್ದ ಉಮ್ಮ ಆ ಕೈಗೆ ಮೆಲ್ಲಗೆ ಒಂದೇಟು ಕೊಟ್ಟು, "ತೆಗಿ ಮಗಾ" ಎಂದರು.